ಗರ್ಭಜಲದ ರಾಸಾಯನಿಕ ಪರೀಕ್ಷೆ: ಬೆವಿಸ್‌ರಿಂದ ಲೈಲಿಯವರೆಗೆ

ಗರ್ಭಜಲವನ್ನು ಸೂಜಿಯಿಂದ ಹೊರತೆಗೆಯುವ ಕ್ರಮವು 19ನೆಯ ಶತಮಾನದಷ್ಟು ಹಳೆಯದು. ಆದರೆ ಅಂದಿನ ಉದ್ದೇಶ ಮಿತಿಮೀರಿ ತುಂಬಿದ ನೀರನ್ನು ತಗ್ಗಿಸುವುದೇ ಹೊರತು ರೋಗನಿರ್ಣಯವಲ್ಲ. ಈ ದ್ರವವು ಗರ್ಭಸ್ಥ ಶಿಶುವಿನ ಸ್ಥಿತಿಗೆ ಸಾಕ್ಷಿಯಾಗಿ ಪರಿಣಮಿಸಿದ ಬಗೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಈ ಪರೀಕ್ಷೆಗೆ ಪ್ರೇರಕವಾದುದು ಆರ್‌ಎಚ್ ರಕ್ತವೈಷಮ್ಯ. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಇವರು ಆರ್‌ಎಚ್ ಅಂಶವನ್ನು ಪ್ರಕಟಪಡಿಸಿದರು. ಮರುವರ್ಷ ಲೆವಿನ್ ಮತ್ತು ಸಂಗಡಿಗರು ನವಜಾತ ಶಿಶುಗಳ ರಕ್ತನಾಶರೋಗಕ್ಕೂ ಅದಕ್ಕೂ ಇರುವ ಸಂಬಂಧವನ್ನು ಸ್ಥಾಪಿಸಿದರು. ಆರ್‌ಎಚ್ ಅಂಶವಿಲ್ಲದ ತಾಯಿಯ ಗರ್ಭದಲ್ಲಿ ಆ ಅಂಶವುಳ್ಳ ಶಿಶುವಿದ್ದರೆ, ತಾಯಿಯ ರಕ್ತದಲ್ಲಿ ಉತ್ಪನ್ನವಾದ ಪ್ರತಿಕಾಯಗಳು ಮಾಸಿನ ಮೂಲಕ ಹಾದು ಶಿಶುವಿನ ಕೆಂಪು ರಕ್ತಕಣಗಳನ್ನು ನಾಶಪಡಿಸಬಹುದು. ಸಾಮಾನ್ಯವಾಗಿ ಮೊದಲ ಮಗು ಪಾರಾಗುತ್ತದೆ. ಅನಂತರದವುಗಳಿಗೆ ಅಪಾಯ ಹೆಚ್ಚು.

ವೈದ್ಯರ ಸಂಕಟ ಇಲ್ಲಿತ್ತು: ಹೆರಿಗೆಯನ್ನು ಅವಧಿಗೆ ಮುನ್ನವೇ ಮಾಡಿಸಿದರೆ ಶಿಶು ಅಪಕ್ವತೆಯಿಂದ ಸಾಯಬಹುದು, ಕಾದರೆ ಗರ್ಭದಲ್ಲಿಯೇ ಸಾಯಬಹುದು. ತಾಯಿಯ ರಕ್ತದ ಪರೀಕ್ಷೆಯು ಅಪಾಯವುಂಟೆಂದು ತಿಳಿಸುತ್ತಿತ್ತೇ ಹೊರತು ಅದರ ತೀವ್ರತೆಯನ್ನು ನಂಬಲರ್ಹವಾಗಿ ತಿಳಿಸುತ್ತಿರಲಿಲ್ಲ.

ಮ್ಯಾಂಚೆಸ್ಟರಿನ ಡಗ್ಲಸ್ ಬೆವಿಸ್ ಅವರು ಉತ್ತರವನ್ನು ಗರ್ಭಜಲದಲ್ಲಿ ಅರಸಿದರು. ನಾಶವಾದ ರಕ್ತಕಣಗಳಿಂದ ಹುಟ್ಟಿದ ವರ್ಣಕಗಳು ಅದರಲ್ಲಿ ಸೇರಿಕೊಂಡಿರುತ್ತವೆಯೆಂದೂ, ರೋಗದ ತೀವ್ರತೆಯನ್ನು ಅವುಗಳಿಂದ ಮುಂದಾಗಿಯೇ ಊಹಿಸಬಹುದೆಂದೂ ಅವರು 1952ರಲ್ಲಿ ತೋರಿಸಿದರು. 1956ರಲ್ಲಿ ಅದೇ ದ್ರವವನ್ನು ರೋಹಿತಮಾಪಕದಿಂದ ಪರೀಕ್ಷಿಸಿದ ಫಲಿತಾಂಶಗಳನ್ನು ಪ್ರಕಟಿಸಿದರು.

ಆದರೆ ಬರಿಯ ಅಳತೆ ನಿರ್ಣಯವಾಗದು. ಆರೋಗ್ಯವಂತ ಗರ್ಭದಲ್ಲಿಯೂ ಬಿಲಿರುಬಿನ್ ಇರುತ್ತದೆ. ಗರ್ಭಾವಧಿಯ ಉತ್ತರಾರ್ಧದಲ್ಲಿ ಅದು ಕ್ರಮೇಣ ಕಡಿಮೆಯಾಗುತ್ತದೆ. ಆದಕಾರಣ ಒಂದು ವಾರದಲ್ಲಿ ನಿರಪಾಯವೆನಿಸುವ ಪ್ರಮಾಣವೇ ಕೆಲವು ವಾರಗಳ ತರುವಾಯ ಅಪಾಯಸೂಚಕವಾಗಬಹುದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದ ವಿಲಿಯಂ ಲೈಲಿ ಅವರ ಸಾಧನೆಯಿರುವುದು ಇದನ್ನು ಗುರುತಿಸಿದುದರಲ್ಲಿಯೇ. 450 ನ್ಯಾನೊಮೀಟರ್ ತರಂಗಾಂತರದಲ್ಲಿ ದ್ರವವು ಹೀರಿಕೊಳ್ಳುವ ಬೆಳಕಿನ ಹೆಚ್ಚಳವನ್ನು ಗರ್ಭದ ವಾರಗಳೊಡನೆ ಹೊಂದಿಸಿ, 1961ರಲ್ಲಿ ಅವರು ಮೂರು ವಲಯಗಳ ನಕ್ಷೆಯೊಂದನ್ನು ಪ್ರಕಟಿಸಿದರು. ಕೆಳವಲಯದಲ್ಲಿ ಕಾಯಬಹುದು, ನಡುವಲಯದಲ್ಲಿ ಪರೀಕ್ಷೆಯನ್ನು ಪುನಃ ಮಾಡಬೇಕು, ಮೇಲ್ವಲಯದಲ್ಲಿ ವಿಳಂಬ ಸಲ್ಲದು. ಬಿಲಿರುಬಿನ್ ಬೆಳಕಿಗೆ ಕೆಡುವುದರಿಂದ ದ್ರವವನ್ನು ಕತ್ತಲಲ್ಲಿ ಇರಿಸಬೇಕಾಗಿತ್ತು. ರಕ್ತ ಬೆರೆತರೆ ಅಳತೆ ದಾರಿ ತಪ್ಪಿಸುತ್ತಿತ್ತು.

ಮೇಲ್ವಲಯದಲ್ಲಿದ್ದು, ಹೆರಿಗೆ ಮಾಡಿಸಲಾಗದಷ್ಟು ಎಳೆಯ ಶಿಶುವಿನ ಗತಿಯೇನು? ಈ ಪ್ರಶ್ನೆಗೆ ಉತ್ತರವಾಗಿ, 1963ರಲ್ಲಿ ಲೈಲಿ ಅವರು ಗರ್ಭಸ್ಥ ಶಿಶುವಿನ ಉದರದೊಳಕ್ಕೆ ರಕ್ತವನ್ನು ಸೇರಿಸಿ ಯಶಸ್ವಿಯಾದರು. ಹೀಗೆ ಭವಿಷ್ಯವನ್ನು ನುಡಿಯುತ್ತಿದ್ದ ಪರೀಕ್ಷೆಯು ಚಿಕಿತ್ಸೆಗೆ ದಾರಿ ತೋರಿತು.

1968ರಿಂದ ಬಳಕೆಗೆ ಬಂದ ಪ್ರತಿ-ಡಿ ಚುಚ್ಚುಮದ್ದು ರೋಗವನ್ನೇ ವಿರಳಗೊಳಿಸಿತು. 2000ದಿಂದೀಚೆಗೆ ಶಿಶುವಿನ ಮೆದುಳಿನ ರಕ್ತನಾಳದ ವೇಗವನ್ನು ಡಾಪ್ಲರ್ ಶ್ರವಣಾತೀತ ತರಂಗದಿಂದ ಅಳೆಯುವ ವಿಧಾನವು, ಸೂಜಿಯ ಅಪಾಯವಿಲ್ಲದೆಯೇ, ಲೈಲಿ ನಕ್ಷೆಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆ. ಆದರೂ ಅಳತೆಯೊಂದು ಕಾಲದೊಡನೆ ಹೊಂದಿಸಿದಾಗಲೇ ಅರ್ಥವನ್ನು ಪಡೆಯುತ್ತದೆಂಬ ತತ್ತ್ವ ಹಳತಾಗಿಲ್ಲ. ಡಾಪ್ಲರ್ ಅಳತೆಯನ್ನೂ ಇಂದು ಗರ್ಭದ ವಾರಗಳೊಡನೆಯೇ ಹೋಲಿಸಿ ನೋಡುತ್ತಾರೆ.