ಹಳಿಯ ಅಗಲ, ಪ್ಲಗ್ಗಿನ ಅಳತೆ

ಹೊಸಪೇಟೆಯಿಂದ ಕೊಟ್ಟೂರಿಗೆ ಹೋಗುವ ರೈಲುಮಾರ್ಗ ಬ್ರಿಟಿಷರ ಕಾಲದ್ದು. 1990ರ ದಶಕದಲ್ಲಿ ಅದನ್ನು ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಿಸುವ ಕೆಲಸ ಆರಂಭವಾದಾಗ ಪ್ರಯಾಣಿಕರ ಗಾಡಿ ನಿಂತಿತು. ಅಗಲವಾದ ಹಳಿ ಬಂತು. ಹೊಸಪೇಟೆಯ ಕಡೆಯ ಹಳಿಗಳ ಮೇಲೆ ಸಂಡೂರು ಸೀಮೆಯ ಕಬ್ಬಿಣದ ಅದಿರು ಹೊತ್ತ ಗೂಡ್ಸ್ ಗಾಡಿಗಳೂ ಓಡಿದವು. ಆದರೆ ಕೊಟ್ಟೂರಿನ ಜನ ಹೊಸಪೇಟೆಗೆ ಮತ್ತೆ ರೈಲು ಹತ್ತಿದ್ದು 2019ರಲ್ಲಿ. ಹಳಿಯ ಅಳತೆ ಸರಿಯಾಗುವುದು ಬೇರೆ, ಆ ಹಳಿ ಎಲ್ಲರಿಗೂ ಒದಗುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಅಳತೆಯ ತೊಡಕು ಹಳೆಯದು. ಡಾಲ್‌ಹೌಸಿಯ ಕಾಲದಲ್ಲಿ ಭಾರತದ ರೈಲಿಗೆ 5 ಅಡಿ 6 ಅಂಗುಲದ ಹಳಿ ನಿಗದಿಯಾಗಿತ್ತು. 1870ರಲ್ಲಿ, ಮೇಯೊನ ಆಡಳಿತದಲ್ಲಿ, ಖರ್ಚು ಉಳಿಸಲು ಒಂದು ಮೀಟರ್ ಅಗಲದ ಹಳಿಗೂ ಒಪ್ಪಿಗೆ ಸಿಕ್ಕಿತು. 1876–78ರ ಭೀಕರ ಬರದ ನಂತರ, 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿಗಳನ್ನು ಜೋಡಿಸಿದ್ದು ಈ ಕಿರಿದಾದ ಹಳಿಯಿಂದಲೇ. ಮದರಾಸು–ಮುಂಬಯಿ ನಡುವಿನ ಅಗಲ ಹಳಿ ಅದಕ್ಕೆ ಎದುರಾಗುತ್ತಿದ್ದುದು ಗುಂತಕಲ್ಲಿನಲ್ಲಿ. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡದು. ಮೂಟೆಗಳನ್ನು ಇಳಿಸಿ ಮತ್ತೆ ತುಂಬಬೇಕು. ಕೂಲಿ, ಸಮಯ ಎರಡೂ ದಂಡ. 1992ರಲ್ಲಿ ದೇಶದಾದ್ಯಂತ ಏಕ ಗೇಜ್ ಯೋಜನೆ ಬಂದದ್ದು ಈ ಕಾರಣಕ್ಕೆ.

ವಿದ್ಯುತ್ ಕಾರುಗಳ ಯುಗದಲ್ಲಿ ಯುರೋಪು ಇದೇ ಕಥೆಯನ್ನು ಪ್ಲಗ್ಗಿನ ರೂಪದಲ್ಲಿ ಮತ್ತೆ ಕಂಡಿತು. ಜರ್ಮನಿಯ ಮೆನ್ನೆಕೆಸ್ ಕಂಪನಿ ರೂಪಿಸಿದ ಏಳು ಪಿನ್ನುಗಳ ಪ್ಲಗ್ಗಿಗೆ 'ಟೈಪ್ 2' ಎಂಬ ಹೆಸರು. ಫ್ರಾನ್ಸ್ ಮತ್ತು ಇಟಲಿಯ ಕಂಪನಿಗಳು ಇನ್ನೊಂದು ಮಾದರಿಯಾದ 'ಟೈಪ್ 3'ರ ಪರ ನಿಂತವು. ವೇಗದ ಚಾರ್ಜಿಂಗಿಗೆ ಜಪಾನಿನ 'ಚಾಡೆಮೊ' ಪ್ಲಗ್ ಆಗಲೇ ಬಂದಿತ್ತು. 2013ರಲ್ಲಿ ಯುರೋಪಿಯನ್ ಆಯೋಗ ಟೈಪ್ 2ರ ಕಡೆ ವಾಲಿತು. 2014ರ ನಿರ್ದೇಶನ ಅದನ್ನು ಸಾಮಾನ್ಯ ಚಾರ್ಜಿಂಗಿಗೂ, ಅದರ ಕೆಳಗೆ ಎರಡು ದಪ್ಪ ಪಿನ್ ಸೇರಿಸಿದ 'ಸಿಸಿಎಸ್ 2' ಮಾದರಿಯನ್ನು ವೇಗದ ಚಾರ್ಜಿಂಗಿಗೂ ಗೊತ್ತುಮಾಡಿತು. ಟೈಪ್ 3 ಮೂಲೆಗೆ ಸರಿಯಿತು.

ಇಷ್ಟಕ್ಕೇ ನಿಂತಿದ್ದರೆ ಅದು ಕೊಟ್ಟೂರಿನ ಹಳಿಯಂತಾಗುತ್ತಿತ್ತು. ಪ್ಲಗ್ ಹೊಂದಿದರೂ ಆಯಾ ಕಂಪನಿಯ ಸದಸ್ಯತ್ವ ಇಲ್ಲದವನಿಗೆ ಕರೆಂಟು ಸಿಗದಿದ್ದರೆ ಏನು ಫಲ? ಹಾಗಾಗಿ ಮೊದಲೇ ಒಪ್ಪಂದ ಮಾಡಿಕೊಳ್ಳದ ದಾರಿಹೋಕನಿಗೂ ಸಾರ್ವಜನಿಕ ಚಾರ್ಜರ್ ಒದಗಬೇಕೆಂದು ಅದೇ 2014ರ ನಿರ್ದೇಶನ ಹೇಳಿತು. 2024ರ ಏಪ್ರಿಲ್ 13ರಿಂದ ಅನ್ವಯವಾದ ಹೊಸ ನಿಯಮ ಇನ್ನೂ ಮುಂದೆ ಹೋಯಿತು. ಅಲ್ಲಿಂದೀಚೆಗೆ ಸ್ಥಾಪಿಸುವ 50 ಕಿಲೋವ್ಯಾಟ್ ಮತ್ತು ಹೆಚ್ಚಿನ ಸಾಮರ್ಥ್ಯದ ಸಾರ್ವಜನಿಕ ಚಾರ್ಜರುಗಳಲ್ಲಿ ಸಾಮಾನ್ಯ ಬ್ಯಾಂಕ್ ಕಾರ್ಡಿನಿಂದ ಹಣ ಕೊಡಲು ಸಾಧ್ಯವಿರಬೇಕು. ದರ ಮೊದಲೇ ತಿಳಿಯಬೇಕು. ಮುಖ್ಯ ಹೆದ್ದಾರಿ ಜಾಲದಲ್ಲಿ 60 ಕಿ.ಮೀ.ಗೆ ಒಂದರಂತೆ ಕಾರುಗಳ ಚಾರ್ಜಿಂಗ್ ತಾಣ ಇರಬೇಕೆಂಬ ಗುರಿಯನ್ನೂ ಅದು ಹಾಕಿತು.

ಭಾರತದಲ್ಲಿ ಕರ್ನಾಟಕವೇ 2017ರಲ್ಲಿ ಮೊದಲಿಗೆ ವಿದ್ಯುತ್ ವಾಹನ ನೀತಿ ತಂದ ರಾಜ್ಯ. ಚಾರ್ಜಿಂಗ್ ಎಂಬುದು ಸೇವೆ, ಅದಕ್ಕೆ ವಿದ್ಯುತ್ ಮಾರಾಟದ ಪರವಾನಗಿ ಬೇಡ ಎಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿತು. ಮೊದಲಲ್ಲಿ 'ಭಾರತ್' ಹೆಸರಿನ ದೇಶೀ ಮಾದರಿಗಳು ಬಂದರೂ ಇಂದಿನ ಹೆಚ್ಚಿನ ಕಾರುಗಳು ಯುರೋಪಿನ ಸಿಸಿಎಸ್ 2 ಪ್ಲಗ್ಗನ್ನೇ ಒಪ್ಪಿಕೊಂಡಿವೆ. ಹಗುರ ವಾಹನಗಳಿಗೆ ಬೆಂಗಳೂರಿನ ಏಥರ್ ಕಂಪನಿ ರೂಪಿಸಿ ಇತರರಿಗೂ ತೆರೆದಿಟ್ಟ ಪ್ಲಗ್ಗನ್ನು ಆಧರಿಸಿದ ಮಾನಕಕ್ಕೆ 2023ರಲ್ಲಿ ಭಾರತೀಯ ಮಾನಕ ಬ್ಯೂರೊದ ಮುದ್ರೆ ಬಿತ್ತು.

ಹಂಪಿಯಲ್ಲಿ ಗೆಜ್ಜಲ ಮಂಟಪದ ಕಡೆಯಿಂದ ವಿಜಯವಿಠ್ಠಲ ದೇವಾಲಯಕ್ಕೆ ಪ್ರವಾಸಿಗರನ್ನು ಒಯ್ಯುವ ಬ್ಯಾಟರಿ ವಾಹನಗಳಿಗೆ ಈ ಜಂಜಾಟವಿಲ್ಲ. ಒಂದೇ ದಾರಿಯಲ್ಲಿ ಹೋಗಿ ಬರುವ ಗಾಡಿಗೆ ಒಂದು ಕಡೆ ಚಾರ್ಜರ್ ಇದ್ದರೆ ಸಾಕು. ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಬರುವ ಕಾರಿನ ಮಾತು ಹಾಗಲ್ಲ. ಕಂಪ್ಲಿಯಿಂದ ಹೊಸಪೇಟೆಗೆ ಬಾಡಿಗೆ ಹೊಡೆಯುವ ವಿದ್ಯುತ್ ಆಟೋದ್ದೂ ಹಾಗಲ್ಲ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಅದರಲ್ಲಿ ಮುಂಗಡ ಹಣ ಎಂಬ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಸ್ಮಾರ್ಟ್‌ಫೋನ್ ಇಲ್ಲದ ಚಾಲಕನಿಗೆ ಅದು ಮುಚ್ಚಿದ ಬಾಗಿಲೇ.

ಪ್ಲಗ್ಗಿನ ಅಳತೆಯನ್ನು ಎಂಜಿನಿಯರುಗಳು ತೀರ್ಮಾನಿಸಬಹುದು. ಅದನ್ನು ಯಾರು, ಯಾವ ದರಕ್ಕೆ, ಯಾರ ಅನುಮತಿಯಿಲ್ಲದೆ ಬಳಸಬಹುದು ಎಂಬುದನ್ನು ಕಾನೂನೇ ಹೇಳಬೇಕು. ಹಳಿ ಬಂದ ಮೇಲೂ ವರ್ಷಗಟ್ಟಲೆ ಗಾಡಿಗೆ ಕಾದ ಊರುಗಳಿರುವ ಈ ಸೀಮೆ ಅದನ್ನು ಕೇಳುವ ಹಕ್ಕನ್ನು ಗಳಿಸಿದೆ.