ಎರಡು ಟೆಸ್ಟ್, ನಾಲ್ಕು ವಿಕೆಟ್

ಕರ್ನಾಟಕದ ಕ್ರಿಕೆಟ್ ಚರಿತ್ರೆ ಬರೆಯಲು ಕೂತರೆ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕುಂಬ್ಳೆ, ದ್ರಾವಿಡ್ ಹೆಸರುಗಳಲ್ಲೇ ಪುಟ ತುಂಬುತ್ತದೆ. ಭಾರತದ ಟೋಪಿಯನ್ನು ಒಂದೆರಡು ಸಲ ತೊಟ್ಟು ಮರಳಿದವರಿಗೆ ಜಾಗ ಉಳಿಯುವುದಿಲ್ಲ. ರಾಜ್ಯ ತಂಡಕ್ಕಾಗಿ ವರ್ಷಗಟ್ಟಲೆ ಬೆವರು ಸುರಿಸಿದವರು ಇವರೇ. ಇವರು ಬೇಗ ಮರಳಿದ್ದಕ್ಕೆ ಬಹುಪಾಲು ಕಾರಣ ಆಟದ ಕೊರತೆಯಲ್ಲ, ಮುಂದೆ ನಿಂತಿದ್ದ ಸಾಲು.

ಈ ಕತೆ ಭಾರತದ ಮೊದಲ ಟೆಸ್ಟ್‌ನಷ್ಟೇ ಹಳೆಯದು. ಮುಂದೆ ಮೈಸೂರಿನ ಪರ ರಣಜಿ ಆಡಿದ ಫಿರೋಜ್ ಪಾಲಿಯಾ 1932ರಲ್ಲಿ ಲಾರ್ಡ್ಸ್‌ನಲ್ಲಿ ಆಡಿದರು. 1936ರಲ್ಲಿ ಅದೇ ಅಂಗಳದಲ್ಲಿ ಇನ್ನೊಂದು. ಅಲ್ಲಿಗೆ ಮುಗಿಯಿತು. ಎಪ್ಪತ್ತರ ದಶಕದ ಎಡಗೈ ಸ್ಪಿನ್ನರ್ ಬಿ. ವಿಜಯಕೃಷ್ಣ ಅವರಿಗೆ ಅಷ್ಟೂ ದಕ್ಕಲಿಲ್ಲ. 67 ಟೆಸ್ಟ್ ಆಡಿದ ಬಿಷನ್ ಸಿಂಗ್ ಬೇಡಿ ಅದೇ ಜಾಗದಲ್ಲಿದ್ದರು.

ಬೇಡಿ ಹೋದ ಮೇಲೆ ಬಂದವರು ರಘುರಾಮ್ ಭಟ್. 1981–82ರ ರಣಜಿ ಸೆಮಿಫೈನಲ್ ಬೆಂಗಳೂರಿನಲ್ಲಿ ನಡೆಯಿತು. ಮೊದಲ ಇನಿಂಗ್ಸ್‌ನಲ್ಲಿ ಭಟ್ ಮುಂಬೈನ 8 ವಿಕೆಟ್ ಕಿತ್ತರು. ಎರಡನೆಯ ಇನಿಂಗ್ಸ್‌ನಲ್ಲಿ ಸುನಿಲ್ ಗವಾಸ್ಕರ್ ಭಟ್ ಎಸೆತಗಳಿಗೆ ಎಡಗೈಯಲ್ಲಿ ನಿಂತರು, ಇತರರಿಗೆ ಬಲಗೈಯಲ್ಲಿ! ಭಟ್ ಚೆಂಡು ಬಲಗೈ ಆಟಗಾರನಿಂದ ಹೊರಕ್ಕೆ ತಿರುಗಿ ಬ್ಯಾಟಿನ ಅಂಚು ಹುಡುಕುತ್ತಿತ್ತು. ಎಡಗೈಯಲ್ಲಿ ನಿಂತವನಿಗೆ ಅದೇ ಚೆಂಡು ಒಳಕ್ಕೆ ಬರುತ್ತದೆ, ಪ್ಯಾಡಿನಿಂದಲೂ ತಡೆಯಬಹುದು. ಜಗತ್ತಿನ ವೇಗಿಗಳನ್ನೆಲ್ಲ ಎದುರಿಸಿದವನು ಒಬ್ಬ ರಣಜಿ ಬೌಲರ್‌ಗಾಗಿ ತನ್ನ ನಿಲುವನ್ನೇ ಬದಲಿಸಿದ್ದಕ್ಕಿಂತ ದೊಡ್ಡ ಗೌರವ ಬೇಕೆ? ಆದರೂ 1983ರಲ್ಲಿ ಭಟ್‌ಗೆ ಸಿಕ್ಕಿದ್ದು ಪಾಕಿಸ್ತಾನ, ವೆಸ್ಟ್ ಇಂಡೀಸ್ ವಿರುದ್ಧ ಒಂದೊಂದು ಟೆಸ್ಟ್, ವಿಕೆಟ್ ನಾಲ್ಕು. ಬ್ಯಾಟಿಂಗೂ ಬಲ್ಲ ರವಿಶಾಸ್ತ್ರಿ, ಹರೆಯದ ಮಣಿಂದರ್ ಸಿಂಗ್ ಪಕ್ಕದಲ್ಲೇ ಇದ್ದರು.

ಕರ್ನಾಟಕದವರೇ ಕರ್ನಾಟಕದವರಿಗೆ ಅಡ್ಡವಾದದ್ದು ತೊಂಬತ್ತರ ದಶಕದಲ್ಲಿ. ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಕೇರಳದ ವಿರುದ್ಧ ಒಂದೇ ರಣಜಿ ಪಂದ್ಯದಲ್ಲಿ 10 ವಿಕೆಟ್ ಪಡೆದು ಗಮನ ಸೆಳೆದರು. ಗಾಯಗೊಂಡ ಶ್ರೀನಾಥ್ ಬದಲು 1996ರ ದೆಹಲಿ ಟೆಸ್ಟ್ ಆಡಿದರು, ಆಮೇಲೆ ಡರ್ಬನ್‌ನಲ್ಲಿ ಒಂದು. ಒಟ್ಟು 3 ವಿಕೆಟ್. 2024ರ ಜೂನ್‌ನಲ್ಲಿ ಅವರು ತೀರಿಹೋದರು. ಜಾನ್ಸನ್ ನಂತರ ದೊಡ್ಡ ಗಣೇಶ್ ಬಂದರು. 1997ರ ಕೇಪ್‌ಟೌನ್ ಟೆಸ್ಟ್‌ನಲ್ಲಿ ಶ್ರೀನಾಥ್, ಪ್ರಸಾದ್, ಗಣೇಶ್, ಕುಂಬ್ಳೆ, ನಾಲ್ವರು ಪ್ರಮುಖ ಬೌಲರ್‌ಗಳೂ ನಮ್ಮವರೇ. ಆ ಹೆಮ್ಮೆಯ ಸಾಲಿನಲ್ಲಿ ಬೇಗ ಹೊರಬಿದ್ದವರು ಗಣೇಶ್: 4 ಟೆಸ್ಟ್, 5 ವಿಕೆಟ್. ಪ್ರಥಮ ದರ್ಜೆಯಲ್ಲಿ ಅವರ ವಿಕೆಟ್ 365. ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. 1999ರಲ್ಲಿ ನೈರೋಬಿಯಲ್ಲಿ ಸರಣಿಶ್ರೇಷ್ಠರಾದ ವಿಜಯ್ ಭಾರದ್ವಾಜ್ ಕೂಡ 3 ಟೆಸ್ಟ್‌ಗಳಿಗೇ ನಿಂತರು.

ಈ ಶತಮಾನದಲ್ಲೂ ಅದೇ ಗತಿ. ರಾಜ್ಯಕ್ಕೆ ಸತತ ಎರಡು ರಣಜಿ ಗೆದ್ದುಕೊಟ್ಟ ನಾಯಕ, ದಾವಣಗೆರೆಯ ವಿನಯ್ ಕುಮಾರ್ ಆಡಿದ್ದು 2012ರ ಪರ್ತ್ ಟೆಸ್ಟ್ ಒಂದೇ. ಕರುಣ್ ನಾಯರ್ 2016ರಲ್ಲಿ ಚೆನ್ನೈನಲ್ಲಿ ಅಜೇಯ 303 ಬಾರಿಸಿಯೂ ಮುಂದಿನ ಟೆಸ್ಟ್‌ನಲ್ಲಿ ಹೊರಗೆ ಕೂತರು. 2017ರ ನಂತರ ಮತ್ತೆ ಟೆಸ್ಟ್ ಆಡಲು 2025 ಆಗಬೇಕಾಯಿತು. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗಂತೂ ಈ ಸಾಲಿನ ಬಾಲವೇ ದೂರ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ರೈಲ್ವೇಸ್ ತಂಡದ ಬೆನ್ನೆಲುಬಾಗಿದ್ದರು. ಆ ತಂಡ 2001–02 ಮತ್ತು 2004–05ರಲ್ಲಿ ರಣಜಿ ಗೆದ್ದಿತು. ಆಮೇಲೆ ಯರೇಗೌಡ ಕರ್ನಾಟಕದ ನಾಯಕರೂ ಆದರು. ಭಾರತದ ಪರ ಒಂದು ಪಂದ್ಯವೂ ಸಿಗಲಿಲ್ಲ. ಯಾದಗಿರಿ ಜಿಲ್ಲೆಯ ಕೆಂಭಾವಿಯ ಹುಡುಗರು ಬೆಳೆ ಕೊಯ್ದ ಕರಿ ನೆಲದಲ್ಲಿ ಟೆನಿಸ್ ಚೆಂಡಿನಲ್ಲಿ ಆಡುತ್ತಾರೆ. ಅವರಲ್ಲೊಬ್ಬ ಚರ್ಮದ ಚೆಂಡಿನ ಆಟಕ್ಕೆ ಮನಸ್ಸು ಮಾಡಿದರೆ ಕಲಬುರಗಿಗೋ ರಾಯಚೂರಿಗೋ ಬಸ್ಸು ಹಿಡಿಯಬೇಕು. ಬೆಂಗಳೂರು ಇನ್ನೂ ಆಚೆಯದು. ಯರೇಗೌಡರ ಹೆಸರನ್ನಾದರೂ ಅವರಿಗೆ ನಾವು ಹೇಳಿಕೊಡಬೇಕು.