ಹೆಗಲೆಲುಬಿನ ಚಲನದೋಷ ಮತ್ತು ಭುಜದ ನೋವು

ಬೆನ್ನಿನ ಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮೇಲೆ ಜಾರುವಂತೆ ಇರುವ ತ್ರಿಕೋನಾಕಾರದ ಚಪ್ಪಟೆ ಮೂಳೆಯೇ ಹೆಗಲೆಲುಬು, ಸಂಸ್ಕೃತದಲ್ಲಿ ಅಂಸಫಲಕ. ಮುಂಡಕ್ಕೂ ಅದಕ್ಕೂ ಇರುವ ಎಲುಬಿನ ಕೊಂಡಿ ಕೊರಳೆಲುಬು ಒಂದೇ. ಉಳಿದಂತೆ ಅದು ಸ್ನಾಯುಗಳ ಹಿಡಿತದಲ್ಲಿಯೇ ನಿಂತಿದೆ.

ತೋಳನ್ನು ತಲೆಯ ಮೇಲಕ್ಕೆ ಎತ್ತುವ ಸುಮಾರು 180 ಡಿಗ್ರಿಗಳ ಚಲನೆಯಲ್ಲಿ 120ರಷ್ಟು ಭುಜದ ಕೀಲಿನದು, 60ರಷ್ಟು ಹೆಗಲೆಲುಬಿನದು. 1944ರಲ್ಲಿ ಇನ್‌ಮನ್ ಮತ್ತು ಸಂಗಡಿಗರು ವಿವರಿಸಿದ ಈ ಅನುಪಾತ ಸ್ಥೂಲವಾದುದು. ಹೆಗಲೆಲುಬು ಮೇಲ್ಮುಖವಾಗಿ ತಿರುಗಲು ಟ್ರೆಪೀಜಿಯಸ್ ಮತ್ತು ಸೆರೇಟಸ್ ಆಂಟೀರಿಯರ್ ಸ್ನಾಯುಗಳು ಜೊತೆಯಾಗಿ ದುಡಿಯಬೇಕು. ಇವು ದುರ್ಬಲವಾದರೆ, ಎದೆಯ ಮುಂಭಾಗದ ಸ್ನಾಯು ಬಿಗಿದರೆ, ಅಥವಾ ನೋವಿನಿಂದಲೇ ಲಯ ತಪ್ಪಿದರೆ, ಮೂಳೆಯ ಒಳಅಂಚು ರೆಕ್ಕೆಯಂತೆ ಮೇಲೇಳುತ್ತದೆ. ಆದರೆ ನೋವೇ ಇಲ್ಲದ ಅನೇಕರಲ್ಲಿಯೂ ಈ ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ಕನ್ನಡಿಯಲ್ಲಿ ಕಂಡದ್ದನ್ನೇ ರೋಗವೆಂದು ಭಾವಿಸಬಾರದು.

ಪರೀಕ್ಷೆ

ಚಿಕಿತ್ಸಕರು ತೋಳನ್ನು ಎತ್ತಿಸಿ, ಇಳಿಸಿ ಹಿಂದಿನಿಂದ ನೋಡುತ್ತಾರೆ. ಬಳಿಕ ಹೆಗಲೆಲುಬು ತಿರುಗಲು ಕೈಯಿಂದ ನೆರವಾಗುತ್ತಾರೆ. ಆಗ ನೋವು ತಗ್ಗಿದರೆ ಆ ಭಾಗದ ವ್ಯಾಯಾಮದಿಂದ ಪ್ರಯೋಜನವಾಗಬಹುದೆಂದು ಊಹಿಸಬಹುದು.

ವ್ಯಾಯಾಮ

• ಗೋಡೆಗೆ ಅಂಗೈಯೂರಿ, ಮೊಣಕೈ ಮಡಿಸದೆ, ಹೆಗಲೆಲುಬುಗಳು ಪರಸ್ಪರ ದೂರವಾಗುವಂತೆ ತಳ್ಳುವುದು.
• ಮುಂಗೈಗಳನ್ನು ಗೋಡೆಗೆ ಒತ್ತಿ ಮೇಲಕ್ಕೆ ಜಾರಿಸುವುದು.
• ರಬ್ಬರ್ ಪಟ್ಟಿಯನ್ನು ಹುಟ್ಟು ಹಾಕುವಂತೆ ಹಿಂದಕ್ಕೆಳೆಯುವುದು.
• ಬಾಗಿಲ ಚೌಕಟ್ಟಿಗೆ ಮುಂಗೈ ಆನಿಸಿ ಎದೆಯ ಸ್ನಾಯುವನ್ನು ಹಿಗ್ಗಿಸುವುದು.

ಸಹಿಸಬಹುದಾದಷ್ಟು ನೋವು ಬಂದು ಮರುದಿನಕ್ಕೆ ಶಮನವಾದರೆ ಮುಂದುವರಿಸಬಹುದು. ಹೆಚ್ಚಿದರೆ ಭಾರ ಇಳಿಸಬೇಕು. ಫಲ ಕಾಣಲು ವಾರಗಳು, ಎಷ್ಟೋ ಸಲ ಮೂರು ತಿಂಗಳು ಬೇಕು.

ಶಸ್ತ್ರಚಿಕಿತ್ಸೆ ಅಗತ್ಯವೇ?

ಭುಜದ ಮೇಲ್ಚಾಚಿನ ಮೂಳೆಯನ್ನು ಕೆತ್ತಿ ಜಾಗ ಮಾಡುವ ಶಸ್ತ್ರಕ್ರಿಯೆ ಬ್ರಿಟನ್ನಿನಲ್ಲಿ ಬಹುಕಾಲ ಪ್ರಚಲಿತವಾಗಿತ್ತು. ಅದನ್ನು ತೋರಿಕೆಯ ಶಸ್ತ್ರಕ್ರಿಯೆಯೊಡನೆ ಹೋಲಿಸಿದ, 2018ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಅಧ್ಯಯನದಲ್ಲಿ ಹೇಳಿಕೊಳ್ಳುವ ಹೆಚ್ಚಿನ ಲಾಭ ಕಾಣಲಿಲ್ಲ. 2021ರ ಇನ್ನೊಂದು ಬ್ರಿಟಿಷ್ ಅಧ್ಯಯನ 708 ಜನರನ್ನು ಒಳಗೊಂಡಿತ್ತು. ಭುಜದ ಸ್ನಾಯುರಜ್ಜುಗಳ ತೊಂದರೆಯಿದ್ದವರಿಗೆ ಚಿಕಿತ್ಸಕರೊಡನೆ ಒಂದೇ ಭೇಟಿಯ ಉತ್ತಮ ಸಲಹೆ, ಆರು ಭೇಟಿಗಳವರೆಗಿನ ವ್ಯಾಯಾಮಕ್ರಮದಷ್ಟೇ ಫಲ ನೀಡಿತು. ಹಾಗಾಗಿ ಭೇಟಿಗಳು ಕಡಿಮೆಯೆಂದು ನಿರಾಶರಾಗಬೇಕಿಲ್ಲ. ಮನೆಯ ಅಭ್ಯಾಸವೇ ಮುಖ್ಯ.

ಡಿಡ್ಸ್‌ಬರಿಯ ಕನ್ನಡಿಗರಿಗೆ

ದಕ್ಷಿಣ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿರುವವರು ತಮ್ಮ ಜಿ.ಪಿ. ಚಿಕಿತ್ಸಾಲಯದಲ್ಲೇ ಫಿಜಿಯೋಥೆರಪಿಯ ದಾರಿ ವಿಚಾರಿಸಬಹುದು. ಇಂಗ್ಲೆಂಡಿನ ಹಲವೆಡೆ ಎನ್.ಎಚ್.ಎಸ್. ಸೇವೆಗೆ ನೇರವಾಗಿ ಹೆಸರು ಕೊಡುವ ವ್ಯವಸ್ಥೆಯೂ ಇದೆ. 'ಸೆಳೆತ', 'ಹಿಡಿತ', 'ಜೋಮು' ಇವುಗಳ ಭೇದವನ್ನು ಇಂಗ್ಲಿಷಿನಲ್ಲಿ ಹೇಳಲಾಗದ ಹಿರಿಯರಿಗಾಗಿ ದುಭಾಷಿಯನ್ನು ಮೊದಲೇ ಕೇಳಿಕೊಳ್ಳುವುದು ಒಳಿತು.

ದಕ್ಷಿಣ ಏಷ್ಯಾ ಮೂಲದವರಲ್ಲಿ ಮಧುಮೇಹ ಹೆಚ್ಚು. ಮಧುಮೇಹಿಗಳಲ್ಲಿ ಭುಜ ಮರಗಟ್ಟುವ 'ಫ್ರೋಜನ್ ಶೋಲ್ಡರ್' ಹೆಚ್ಚು. ಅದರಲ್ಲಿ ಕೀಲು ಬಿಗಿದು, ಹೆಗಲೆಲುಬು ಅತಿಯಾಗಿ ಮೇಲೇರಿ ಕೊರತೆ ತುಂಬುತ್ತದೆ. ಬೇರೊಬ್ಬರು ಹಿಡಿದು ತಿರುಗಿಸಿದರೂ ತೋಳು ಹೊರಮುಖವಾಗಿ ತಿರುಗದಿದ್ದರೆ ಈ ಸಾಧ್ಯತೆಯನ್ನು ಪರಿಶೀಲಿಸಬೇಕು.

ಬಿದ್ದ ಮೇಲೆ ತೋಳೆತ್ತಲಾಗದಿದ್ದರೆ, ಜ್ವರ ಅಥವಾ ಊತವಿದ್ದರೆ, ಕೈ ಬಲಗುಂದಿದರೆ ಬೇಗನೆ ವೈದ್ಯರನ್ನು ಕಾಣಬೇಕು. ಎದೆನೋವು, ಬೆವರು, ಉಸಿರುಗಟ್ಟುವಿಕೆಯೊಡನೆ ಭುಜ ನೋಯುತ್ತಿದ್ದರೆ ಅದು ಹೃದಯಾಘಾತವಾಗಿರಬಹುದು. ತಡಮಾಡದೆ 999ಕ್ಕೆ ಕರೆ ಮಾಡಬೇಕು.